ಆಣೆ ಮಾಡಿದ ಮೇಲೆ

ಇರಕಲ್ಲಗಡದಲ್ಲಿ ಸೇಂದಿ ಬಿಟ್ಟವರು ಐದು ಮಂದಿ ಇದ್ದರು. ಬಿಡುತ್ತೇನೆ ಅಂದವರು ಐವತ್ತು ಮಂದಿ ಇದ್ದರು, ಅವರ ಮಾತು ಬೇರೆ. ಕುಡುಕನ ಮಾತು ಬೆಳಗಾದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಈ ಐವರು ಮಾತ್ರ ನಿಜವಾಗಿ ಬಿಟ್ಟಿದ್ದರು, ಆದರೆ ಬಿಟ್ಟ ಬಗೆ ಊರಿಗೆ ನಗೆಪಾಟಲಾಗಿತ್ತು. ದಿನಾ ಹೊತ್ತು ಇಳಿಯುವಾಗ, ಅಂದಪ್ಪನ ಸೇಂದಿ ಅಂಗಡಿಗೆ ಗಡಿಗೆಗಳು ಬರುವ ಹೊತ್ತಿಗೆ ಸರಿಯಾಗಿ, ಅವರು ಕೊಟ್ರಪ್ಪನ ಕಣದಲ್ಲಿ ಕೂಡಿ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು.

ಉದ್ದನೆಯ ಹಗ್ಗ ಹೊಸೆಯುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಎರಡು ತುದಿಗೆ ಇಬ್ಬರು ನಿಂತು ತಿರುವಬೇಕು, ನಡುವೆ ಒಬ್ಬ ಎಳೆ ಕೂಡಿಸಬೇಕು, ಇನ್ನಿಬ್ಬರು ನಾರು ಬಿಡಿಸಿ ಕೊಡಬೇಕು. ಒಬ್ಬ ಬರದಿದ್ದರೆ ಕೆಲಸ ಕುಂಟುತ್ತಿತ್ತು. ಉಳಿದವರು ಎದ್ದು ಅವನ ಮನೆಗೇ ಹೋಗುತ್ತಿದ್ದರು. ಕೈ ಹೀಗೆ ದುಡಿಯುತ್ತಿರುವಾಗ ಒಬ್ಬೊಬ್ಬನೂ ತನ್ನ ಅಂದಿನ ಸಂಗತಿ ಹೇಳಬೇಕು. ಬಾಯಿ ಎಷ್ಟು ಬೇಡಿತು, ಕಾಲು ಯಾವ ಕಡೆ ಎಳೆಯಿತು, ಎಲ್ಲವನ್ನೂ. ಕೊಟ್ರಪ್ಪ ಹಾಕಿದ ಕಟ್ಟಳೆ ಒಂದೇ: "ಕುಡದಾವ ಕುಡದೀನಿ ಅನಬೇಕು, ಕೇಳಿದಾವ ಥೂ ಅನಬಾರದು." ಕುಡಿದು ಬಂದು ಹೇಳಿದವನನ್ನು ನಡುವೆ ಕೂಡಿಸಿಕೊಂಡರೆ ಅಂಗಡಿ ಮುಚ್ಚುವವರೆಗೆ ಯಾರೂ ಏಳುತ್ತಿರಲಿಲ್ಲ. ಕೊಟ್ರಪ್ಪನೇ ಮೊದಲ ವರ್ಷ ಎರಡು ಸಲ ಹಾಗೆ ನಡುವೆ ಕೂತವನು. ಹೊಲ, ಎತ್ತು, ಕಿರಾಣಿ ಅಂಗಡಿ ಇದ್ದ ದೊಡ್ಡ ಕುಳ, ಕೂಲಿಯವರ ಮುಂದೆ ತಲೆ ತಗ್ಗಿಸಿ ಹೇಳಿದ್ದ.

ಕೂಲಿ ದ್ಯಾವಪ್ಪ ಆ ಕಣಕ್ಕೆ ಬಂದು ಒಂದು ತಿಂಗಳು ಬಾಯಿ ಬಿಡಲಿಲ್ಲ. ಒಂದು ಸಂಜೆ ಹಗ್ಗದ ತುದಿ ಹಿಡಿದು ನಿಂತವನು ತಾನಾಗಿಯೇ ಹೇಳತೊಡಗಿದ: ಕುಡಿದ ಅಮಲಿನಲ್ಲಿ ಹೆಂಡತಿ ಹುಲಿಗವ್ವನನ್ನು ಮೆಟ್ಟಿಲ ಮೇಲಿಂದ ನೂಕಿದ್ದು, ಅವಳ ಎಡಗೈ ಮುರಿದು ಸೊಟ್ಟಗೆ ಕೂಡಿಕೊಂಡಿದ್ದು, ಬಿದ್ದೆನೆಂದು ಅವಳೇ ಊರಿಗೆ ಸುಳ್ಳು ಹೇಳಿ ಕುಷ್ಟಗಿಯ ತವರಿಗೆ ಹೋದದ್ದು. ಹೇಳುತ್ತ ತಿರುವುವುದನ್ನೇ ಮರೆತ, ಹಗ್ಗ ಬಿಚ್ಚಿಕೊಂಡಿತು. ಯಾರೂ ಥೂ ಅನ್ನಲಿಲ್ಲ. ಐವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಉಣ್ಣೆ ಹಿಂಜುವ ಕಾಳಪ್ಪ ಎದ್ದು ಬಂದು ಅವನ ಜೊತೆ ಆ ತುದಿಗೆ ಕೈ ಹಾಕಿದ, ಅಷ್ಟೇ. ಅಂದು ದ್ಯಾವಪ್ಪ ಮನೆಗೆ ಹೋಗಿ ಎರಡು ವರ್ಷದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದ. ಎಂಟು ತಿಂಗಳು ನೋಡಿ ಹುಲಿಗವ್ವ ತಿರುಗಿ ಬಂದಳು. ಬಂದ ದಿನವೇ ಹೊಸ್ತಿಲ ಮೇಲೆ ನಿಂತು ಹೇಳಿದ್ದಳು: "ಇನ್ನೊಮ್ಮಿ ಕುಡದ್ರ ನಾ ಹೊಳ್ಳಿ ಬರಂಗಿಲ್ಲ ನೋಡು."

ನಲವತ್ತೇಳರ ದೀಪಾವಳಿ ಕಳೆದ ಮೇಲೆ ದಿನಮಾನ ಕೆಟ್ಟಿತು. ಅತ್ತ ಗಡಿಯಾಚೆ ಸ್ವರಾಜ್ಯ ಬಂದಿತ್ತು, ಇತ್ತ ನಿಜಾಮರ ಸೀಮೆಯಲ್ಲಿ ಒಬ್ಬರ ನೆರಳನ್ನು ಕಂಡರೆ ಒಬ್ಬರಿಗೆ ಅನುಮಾನ. ಅಪ್ಪಣೆಯಿಲ್ಲದೆ ನಾಲ್ಕು ಮಂದಿ ಒಂದೆಡೆ ಕೂಡಬಾರದೆಂದು ಡಂಗುರ ಸಾರಿದರು. ಅಂದಪ್ಪನಿಗೆ ಗಿರಾಕಿ ತಪ್ಪಿಸಿದವರ ಮೇಲಿನ ಸಿಟ್ಟು ಮೊದಲೇ ಇತ್ತು. ಅವರು ಹೊಸೆಯುವುದು ಬರೀ ಹಗ್ಗವಲ್ಲ ಎಂದು ಠಾಣೆಗೆ ಊದಿ ಬಂದ. ಮರುದಿನ ಠಾಣೆಯ ಒಬ್ಬ ಜವಾನ ಬಂದೂಕು ಹಿಡಿದು ಬಂದು ಕಣದ ಗೋಡೆಯ ಮೇಲೆ ಕೂತ. ಬೀಡಿ ಸೇದುತ್ತ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ಅವನೆದುರು ಯಾರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಮೂರು ದಿನ ಹೀಗೇ ಆಯಿತು.

ನಾಲ್ಕನೆಯ ದಿನ ಕೊಟ್ರಪ್ಪ ಎಲ್ಲರನ್ನೂ ತನ್ನ ಮನೆಯ ಹಿತ್ತಲಿಗೆ ಕರೆದ. ಹುಲಿಗೆಮ್ಮ ದೇವಿಯ ಭಂಡಾರದ ಅರಿಸಿನ ತುಂಬಿದ ಬಟ್ಟಲು ತಂದು ನಡುವೆ ಇಟ್ಟ.

"ಇನ್ನ ಕೂಡೂದು ಬ್ಯಾಡ. ಜೇಲಿಗೆ ಹೋದ್ರ ಹೆಂಡ್ರು ಮಕ್ಕಳು ಬೀದಿಗೆ ಬೀಳ್ತಾರ," ಅಂದ. "ಭಂಡಾರ ಮುಟ್ಟಿ ಆಣಿ ಮಾಡೂಣು. ನಾವು ಒಬ್ಬರಿಗೊಬ್ಬರು ಕಾವಲು ಇದ್ದದ್ದು ಸಾಕು, ಇನ್ನ ಮ್ಯಾಲ ತಾಯಿ ಕಾಯ್ತಾಳ."

ಕಾಳಪ್ಪ ಬಟ್ಟಲಿಗೆ ಕೈ ಚಾಚಲಿಲ್ಲ. "ಯಣ್ಣಾ, ತಪ್ಪಿದ್ರ ಯಾರ ಮುಂದ ಹೇಳೂದು? ತಾಯಿ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ."

"ತಪ್ಪೂ ಮಾತು ಈಗ ಯಾಕ ತಗೀತಿ?" ಎಂದು ಕೊಟ್ರಪ್ಪ ಗದರಿದ.

ಐವರೂ ಮುಟ್ಟಿದರು. ದ್ಯಾವಪ್ಪನಿಗೆ ಒಳಗೊಳಗೇ ಅಳುಕು. ಆ ಸೀಮೆಯಲ್ಲಿ ಭಂಡಾರ ಮುಟ್ಟಿ ತಪ್ಪಿದವನ ಮನೆಯಲ್ಲಿ ದೀಪ ಉಳಿಯುವುದಿಲ್ಲ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಕಣದ ಕಟ್ಟಳೆಯಲ್ಲಿ ತಪ್ಪಿದವನು ಬಂದು ಹೇಳಬೇಕಿತ್ತು. ಆಣೆಯಲ್ಲಿ ತಪ್ಪಿದವನು ಸಾಯುವತನಕ ಮುಚ್ಚಿಡಬೇಕು. ಇಷ್ಟು ದೊಡ್ಡ ವ್ಯತ್ಯಾಸ ಇಂಥ ಬುದ್ಧಿವಂತ ಕೊಟ್ರಪ್ಪನಿಗೆ ಹೊಳೆಯಲಿಲ್ಲವಲ್ಲ ಎಂದರೆ ಸಿಟ್ಟು ಬರುತ್ತದೆ. ಹೆದರಿಕೆ ಯಾರ ಬುದ್ಧಿಯನ್ನು ಉಳಿಸಿದೆ!

ಆಮೇಲಿನ ಸಂಜೆಗಳು ದ್ಯಾವಪ್ಪನಿಗೆ ಕಳೆಯದಾದವು. ಹುಲಿಗವ್ವ ಮರಳಿ ಎಂಬ ಊರಿನ ಕಡೆ ಭತ್ತದ ಕುಯ್ಲಿಗೆ ಹೋಗಿದ್ದಳು, ಬರಲು ಹತ್ತು ದಿನ ಬೇಕಿತ್ತು. ಹೊತ್ತು ಇಳಿದರೆ ಕೈಗೆ ಕೆಲಸವಿಲ್ಲ, ಮಾತಿಗೆ ಜನವಿಲ್ಲ. ಮೊದಲ ದಿನ ಅಂಗಳ ಎರಡು ಸಲ ಗುಡಿಸಿದ. ಎರಡನೆಯ ದಿನ ಊರ ಹೊರಗೆ ಸುತ್ತು ಹಾಕಿ ಬಂದ. ಮೂರನೆಯ ದಿನ ಸುತ್ತು ಹಾಕುತ್ತ ಕಾಲು ಈಚಲ ಬನಕ್ಕೆ ಹೊಕ್ಕಿತು. ಮರದಿಂದ ಇಳಿಸಿದ ಸೇಂದಿ ಗಡಿಗೆ ಅಲ್ಲೇ ಇತ್ತು. ಒಂದು ಗುಟುಕು ಎಂದು ಹೋದವನು ಕಣ್ಣು ಬಿಟ್ಟಾಗ ಬೆಳಗಾಗಿತ್ತು.

ಅಂದಿನಿಂದ ದೇವಿಯ ಭಯ ಹಿಡಿಯಿತು. ಬಾಗಿಲು ಕಿರ್ ಅಂದರೆ ಎದ್ದು ಮೂಲೆ ಸೇರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ದಾರಿಯಲ್ಲಿ ಯಾರಾದರೂ ಕೆಮ್ಮಿದರೂ ತನ್ನನ್ನೇ ಮೂಸಿ ನೋಡಿದರೆಂದು ಬಾಯಿ ಮುಚ್ಚಿಕೊಳ್ಳುತ್ತಿದ್ದ. ಉಳಿದ ನಾಲ್ವರು ಗಟ್ಟಿಯಾಗಿದ್ದಾರೆ, ತಾನೊಬ್ಬನೇ ಹಾಳಾದೆ ಎಂದು ಸಂಕಟಪಟ್ಟ. ಆ ಸಂಕಟ ತಡೆಯಲಾರದೆ ಮತ್ತೆ ಕುಡಿದ.

ಆರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಯಾರೋ ಬಾಗಿಲು ಬಡಿದರು.

"ಯಣ್ಣಾ, ನಾ ಕಾಳಪ್ಪ. ಬಾಗಲಾ ತಗಿ."

ದ್ಯಾವಪ್ಪನ ಬಾಯಿ ಸೇಂದಿಯ ವಾಸನೆ ಹೊಡೆಯುತ್ತಿತ್ತು. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕದದ ಹಿಂದೆ ನಿಂತ. "ಜ್ವರಾ ಬಂದೈತಿ. ಏನ ಹೇಳು."

ಕಾಳಪ್ಪ ಕದದ ಸಂದಿಗೆ ಬಾಯಿ ತಂದ. "ನೀ ಗಟ್ಟಿ ಅದೀಯಲ್ಲಣ್ಣಾ? ತಪ್ಪಿಲ್ಲಲ್ಲ?"

"ನನಗೇನಾಗೈತಿ? ತಾಯಿ ಕಾಯಾಕತ್ಯಾಳ. ನೀ ನಡಿ, ಜವಾನ ನೋಡ್ಯಾನು."

"ಛಲೋ ಆತು ಬಿಡಣ್ಣಾ," ಎಂದ ಕಾಳಪ್ಪ. ಆದರೆ ಹೋಗಲಿಲ್ಲ. ಕದಕ್ಕೆ ಒರಗಿ ನಿಂತ ಅವನ ಉಸಿರು ದ್ಯಾವಪ್ಪನಿಗೆ ಕೇಳುತ್ತಿತ್ತು. ಚಿಲಕಕ್ಕೆ ಕೈ ಹೋಯಿತು, ಹಿಂದೆ ಬಂತು. ಬಹಳ ಹೊತ್ತಿನ ಮೇಲೆ ಹೆಜ್ಜೆಗಳು ದೂರವಾದವು. ಮನಸ್ಸಿಗೆ ಹಗುರಾಯಿತು, ನಾಚಿಕೆಗೇಡು ನೋಡಿ, ನಿಜಕ್ಕೂ ಹಗುರಾಯಿತು.

ಎರಡು ದಿನ ಬಿಟ್ಟು ಊರ ಹೊರಗಿನ ಬಾವಿಯಲ್ಲಿ ಕಾಳಪ್ಪನ ಹೆಣ ಸಿಕ್ಕಿತು. ಮೇಲಿನ ಮೆಟ್ಟಿಲ ಮೇಲೆ ಚಪ್ಪಲಿ ಜೋಡಿಸಿ ಇಟ್ಟಿದ್ದವು, ಗುಡಿಗೆ ಹೋಗುವವರು ಬಿಟ್ಟು ಹೋದಂತೆ. ಅವನು ಅಂದಪ್ಪನ ಅಂಗಡಿಗೆ ಹೋಗಿದ್ದನ್ನು ನೋಡಿದವರಿದ್ದರು. ಆಣೆ ತಪ್ಪಿದ, ತಾಯಿ ಎಳೆದುಕೊಂಡಳು ಎಂದು ಸಂಜೆಯೊಳಗೆ ಊರೇ ತೀರ್ಪು ಕೊಟ್ಟಿತು. ಸುದ್ದಿ ಕೇಳಿ ಹುಲಿಗವ್ವ ಕುಯ್ಲು ಬಿಟ್ಟು ಬಂದಳು.

ಮೂರನೆಯ ದಿನ ಮಣ್ಣಿಗೆ ಹಾಲು ತುಪ್ಪ ಬಿಟ್ಟು ಬಂದು ಜನ ಕಾಳಪ್ಪನ ತಾಯಿ ಯಂಕವ್ವನ ಅಂಗಳದಲ್ಲಿ ಕೂತಿದ್ದರು. ಸತ್ತ ಮನೆಯಲ್ಲಿ ಕೂಡಿದವರನ್ನು ಎಬ್ಬಿಸಲು ಜವಾನನಿಗೂ ಮುಖ ಬರಲಿಲ್ಲವೇನೋ, ಬೇವಿನ ಮರದ ಕೆಳಗೆ ಬಂದೂಕು ಊರಿ ನಿಂತು ಎಣಿಸುತ್ತಿದ್ದ. ಯಂಕವ್ವ ಅಳುತ್ತಿರಲಿಲ್ಲ. ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ನೀವು ಯಾರೂ ತಪ್ಪಲಿಲ್ಲೇನ್ರಪ್ಪಾ? ನನ್ನ ಮಗ ಒಬ್ಬನ ಪಾಪಿ ಆದ್ನೇನು?"

ಕೊಟ್ರಪ್ಪ ನೆಲ ನೋಡುತ್ತ ಅಂದ: "ನಾಕ ಮಂದಿನ್ನ ತಾಯಿ ಉಳಿಸ್ಯಾಳವ್ವಾ."

ದ್ಯಾವಪ್ಪ ಹೆಂಗಸರ ಕಡೆ ನೋಡಿದ. ಹೇಳಿದರೆ ಹುಲಿಗವ್ವ ಹೋಗುತ್ತಾಳೆ. ಹೆಂಗಸರ ನಡುವೆ ಅಲ್ಲೇ ಕೂತಿದ್ದಾಳೆ. ಹೇಳದಿದ್ದರೆ ಸತ್ತವನು ಒಬ್ಬನೇ ಪಾಪಿಯಾಗಿ ಉಳಿಯುತ್ತಾನೆ. ಏಳಬೇಕೆಂದುಕೊಳ್ಳುವ ಮೊದಲೇ ಎದ್ದು ನಿಂತಿದ್ದ.

"ನಾ ಕುಡದೀನಿ ಯವ್ವಾ. ಆಣಿ ಮಾಡಿದ ಮೂರನೇ ದಿನಾನ ಕುಡದೀನಿ. ಆಮ್ಯಾಲೂ ಕುಡದೀನಿ."

ಹುಲಿಗವ್ವ ಸೊಟ್ಟ ಕೈಯ ಮೇಲೆ ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ಆಗ ಓಬಳೆಪ್ಪ, ಐವರಲ್ಲೇ ಗಟ್ಟಿ ಆಳೆಂದು ಹೆಸರಾದವನು, ಕೂತಲ್ಲಿಂದಲೇ ಅಂದ: "ನಾನೂ." ಅವನ ಪಕ್ಕದ ಈಶಪ್ಪ, ಐವರಲ್ಲಿ ಇನ್ನೊಬ್ಬ, ಹೌದೆಂದು ಬರೀ ತಲೆ ಆಡಿಸಿದ. ಕೊನೆಗೆ ಕೊಟ್ರಪ್ಪ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಹುಡುಗರಂತೆ ಬಿಕ್ಕಿ ಅತ್ತ. ಎಲ್ಲರಿಗಿಂತ ಮೊದಲು, ಆಣೆ ಮಾಡಿಸಿದ ಮರುದಿನವೇ ಅವನು ಕುಡಿದಿದ್ದ.

ಐವರಿಗೆ ಐವರೂ ತಪ್ಪಿದ್ದರು, ಒಬ್ಬೊಬ್ಬನೂ ತಾನೊಬ್ಬನೇ ಎಂದುಕೊಂಡು ಕದ ಹಾಕಿಕೊಂಡು ಕೂತಿದ್ದ. ದ್ಯಾವಪ್ಪ ಯಂಕವ್ವನ ಕಡೆ ತಿರುಗಿದ. ಉಳಿದದ್ದನ್ನೂ ಹೇಳಿದ: ಕಾಳಪ್ಪ ಬಂದದ್ದು, ಕೇಳಿದ್ದು, ತಾನು ಬಾಯಿಗೆ ಟವೆಲ್ಲು ಒತ್ತಿಕೊಂಡು ಗಟ್ಟಿ ಅದೀನಿ ಎಂದದ್ದು.

ಮರದ ಕೆಳಗಿನ ಜವಾನ ಬಂದೂಕು ಹೆಗಲಿಗೆ ಹಾಕಿಕೊಂಡು ಇತ್ತಲೇ ಬರತೊಡಗಿದ. ಗುಂಪಿನ ಅಂಚಿನಲ್ಲಿದ್ದ ಇಬ್ಬರು ಮೆಲ್ಲಗೆ ಜಾರಿದರು. ಆ ನಾಲ್ವರು ಏಳಲಿಲ್ಲ.

ಯಂಕವ್ವ ದ್ಯಾವಪ್ಪನ ಹತ್ತಿರ ಬಂದು ನಿಂತಳು. ಹೊಡೆಯುತ್ತಾಳೆಂದು ಅವನು ತಲೆ ಬಗ್ಗಿಸಿದ. ಅವಳು ಹೊಡೆಯಲಿಲ್ಲ.

"ಇದನ್ನ ಹೇಳಾಕನ ಅವನೂ ಬಂದಿದ್ನೋ ಯಪ್ಪಾ," ಎಂದಳು. "ನಿನ್ನ ಬಾಗಲ ತನಕ ಬಂದಿದ್ದ."