ಹಿಂದಕ್ಕೆ ಹರಿದ ನೀರು

ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ ಬಂದು ಕೂತ ದಿನದಿಂದ ಮೈದುನನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಮುದ್ರದ ಹವಳವನ್ನೇ ಮನೆಯಲ್ಲಿ ಬೆಳೆಸುತ್ತಾನಂತೆ! ಹೂಕುಂಡಕ್ಕೆ ನೀರು ಹಾಕಲು ಹೇಳಿದರೆ ಗಿಡ ಒಣಗಿಸಿಟ್ಟ ಆಸಾಮಿ. ಅತ್ತಿಗೆ ಅವನಿಗೆ ಮನಸ್ಸಿನಲ್ಲೇ 'ಜಂಬದ ಕೋಳಿ' ಎಂದು ಹೆಸರಿಟ್ಟು ವರ್ಷಗಳಾಗಿದ್ದವು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಅವಳಿಗೆ ದಡ್ಡರ ಮೇಲೆ ಸಿಟ್ಟಿರಲಿಲ್ಲ. ದಡ್ಡತನಕ್ಕೆ ಇಸ್ತ್ರಿ ಹಾಕಿ ತೊಟ್ಟುಕೊಂಡು ಓಡಾಡುವವರನ್ನು ಕಂಡರೆ ಮೈ ಉರಿಯುತ್ತಿತ್ತು.

ಪೈಪುಗಳ ನಕ್ಷೆಯನ್ನು ಅವನು ಊಟದ ಮೇಜಿನ ಮೇಲೆ ಹರಡಿದ. ತೊಟ್ಟಿಯ ನೀರು ಒಂದು ಪೈಪಿನಲ್ಲಿ ಇಳಿದು ಕೆಳಗಿನ ಕಪಾಟಿನ ಪುಟ್ಟ ತೊಟ್ಟಿಗೆ ಬರಬೇಕು. ಅಲ್ಲಿ ಸೋಸಿಕೊಂಡು, ಪಂಪಿನ ಬಲದಿಂದ ಇನ್ನೊಂದು ಪೈಪಿನಲ್ಲಿ ಮೇಲೆ ಹೋಗಬೇಕು. ಆ ಎರಡನೇ ಪೈಪಿನ ಬಾಯಿಯನ್ನು ಅವನು ಮೇಲಿನ ತೊಟ್ಟಿಯ ತಳದವರೆಗೂ ಇಳಿಸಿದ್ದ.

"ಕರೆಂಟ್ ಹೋದ್ರೆ?" ಅತ್ತಿಗೆ ಕೇಳಿದಳು.

"ಪಂಪ್ ನಿಲ್ಲತ್ತೆ. ಇನ್ನೇನಾಗತ್ತೆ?"

"ನೀರು ನಿಲ್ಲಲ್ಲಪ್ಪ. ಅದೇ ಪೈಪಲ್ಲಿ ಹಿಂದಕ್ಕೆ ಹರಿದು ಬರತ್ತೆ, ಮೇಲಿನ ತೊಟ್ಟಿ ತಳ ಕಾಣೋವರೆಗೂ. ಅಷ್ಟು ನೀರನ್ನ ಈ ಪುಟ್ಟದು ಹಿಡಿಯತ್ತಾ? ಪೈಪಿನ ಬಾಯಿ ಮೇಲಕ್ಕೆ ತಾ. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಪೈಪಿಗೆ ಒಂದು ತೂತು ಕೊರಿ. ನೀರು ಅಲ್ಲಿಗಿಳಿದ ಕೂಡಲೇ ತೂತಲ್ಲಿ ಗಾಳಿ ಹೊಕ್ಕು ಹರಿಯೋದು ನಿಂತ್ಹೋಗತ್ತೆ."

ಅವನು ನಕ್ಕ. "ಒಳ್ಳೇ ಪೈಪಿಗೆ ತೂತಾ? ಅತ್ತಿಗೆ, ಇದು ನಿಮ್ಮ ಏಳನೇ ಕ್ಲಾಸಿನ ಪ್ರಯೋಗ ಅಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮನಾದ ಅವಳ ಗಂಡ, "ಇಬ್ಬರು ಹೇಳೋದ್ರಲ್ಲೂ ಅರ್ಥ ಇದೆ" ಎಂದ.

"ಅದನ್ನ ನೀರಿಗೆ ಹೇಳಿ ನೋಡಿ," ಎಂದು ಅವಳು ಎದ್ದುಹೋದಳು.

ಮೈದುನ ಪೈಪುಗಳನ್ನೆಲ್ಲ ತಾನೇ ಅಂಟಿಸಿದ. ಬಿಚ್ಚಲು ಒಂದೇ ಒಂದು ಜಾಗ ಬಿಡಲಿಲ್ಲ. ಹವಳವಿಲ್ಲ, ಮೀನಿಲ್ಲ, ಬರೀ ಉಪ್ಪುನೀರು ತುಂಬಿ ಸ್ನೇಹಿತರನ್ನು ಕರೆದ. ಕೂಸು ಹುಟ್ಟುವ ಮುಂಚೆ ಕುಲಾವಿ!

ಬಂದವರಲ್ಲೊಬ್ಬ ಕೇಳಿಯೇಬಿಟ್ಟ: "ಕರೆಂಟ್ ಹೋದ್ರೆ ಏನ್ಮಾಡ್ತೀಯ?"

"ಎಲ್ಲಾ ಯೋಚನೆ ಮಾಡಿದೀನಿ ಕಣೋ. ಒಂದು ಹನಿ ಆಚೆ ಬರಲ್ಲ."

ಅತ್ತಿಗೆ ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟಳು. ನೆಟ್ಟಗೆ ಹೋಗಿ ಪಂಪಿನ ಸ್ವಿಚ್ ಆರಿಸಿದಳು.

ಮೊದಲು ಪೈಪು ಗುಳುಗುಳು ಅಂದಿತು. ಆಮೇಲೆ ಕಪಾಟಿನ ಬಾಗಿಲ ಸಂದಿಯಿಂದ ನೀರು ಇಣುಕಿತು. ನೋಡನೋಡುತ್ತಿದ್ದಂತೆ ಸ್ನೇಹಿತರೆಲ್ಲ ಕಾಲು ಮೇಲೆತ್ತಿ ಸೋಫಾ ಏರಿದರು. ಮೈದುನ ಎರಡೂ ಕೈಯಲ್ಲಿ ಕಪಾಟಿನ ಬಾಗಿಲು ಒತ್ತಿಹಿಡಿದು ಕಿರುಚಿದ: "ನಿಲ್ಸಿ ಅತ್ತಿಗೆ, ನಿಲ್ಸಿ!"

"ಪಂಪ್ ನಿಲ್ಸಿರೋದಕ್ಕೇ ಕಣಪ್ಪಾ ಇದು," ಎಂದಳು. ಅವನ ಪ್ಯಾಂಟು ಮೊಣಕಾಲವರೆಗೂ ನೆಂದಮೇಲೆ ಸ್ವಿಚ್ ಹಾಕಿದಳು. ಪಂಪು ತಿರುಗಿ ನೀರು ಮತ್ತೆ ಮೇಲೇರಿತು.

ಸ್ನೇಹಿತರು ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರು. "ಜನರ ಮುಂದೆ ಇದು ಬೇಕಿತ್ತಾ?" ಎಂದು ಗಂಡ ಗೊಣಗಿದ.

"ಜನರನ್ನ ಕರೆದೋಳು ನಾನಾ?" ಎಂದು ಅವನ ಕೈಗೂ ಒಂದು ಬಟ್ಟೆ ಕೊಟ್ಟಳು.

ಮಂಡಿಯೂರಿ ನೆಲ ಒರೆಸುತ್ತಿದ್ದ ಮೈದುನನನ್ನು ನೋಡಿ ಅವಳಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಅವನು, "ಈ ಪೈಪೇ ಕಳಪೆ ಮಾಲು" ಎಂದ. ಕುಣಿಯಲಾರದವಳಿಗೆ ನೆಲ ಡೊಂಕು. ಬಂದ ಕನಿಕರ ಬಂದ ದಾರಿಯಲ್ಲೇ ಹೋಯಿತು.

 ಮೂರನೆಯ ದಿನ ಅವನು ಅಡುಗೆಮನೆಯ ಬಾಗಿಲಲ್ಲಿ ಗರಗಸ ಹಿಡಿದು ನಿಂತ.

"ಎಲ್ಲಿ ಕೊಯ್ಯಲಿ ಅತ್ತಿಗೆ?"

"ಮೊದಲು ನೀರು ಯಾಕೆ ಹಿಂದಕ್ಕೆ ಬಂತು ಹೇಳು."

ಅವನು ಗರಗಸದ ಹಲ್ಲು ಎಣಿಸತೊಡಗಿದ. ಅವಳು ತರಕಾರಿ ಹೆಚ್ಚುತ್ತಲೇ ಇದ್ದಳು. "ಹೋಗು, ಯೋಚನೆ ಮಾಡ್ಕೊಂಡು ಬಾ."

ಎರಡು ಸಲ ವಾಪಸು ಹೋದ. ಮೂರನೆಯ ಸಲ ಬಾಟಲಿಯೊಂದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ ತಂದು, ನೀರು ಹರಿಸಿ ತೋರಿಸಿ, ತಪ್ಪಿಲ್ಲದೆ ವಿವರಿಸಿದ. ಆಗ ಅವಳು ಚಾಕು ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡಳು. ಅವನು ಕೊಯ್ದ, ಅವಳು ತೂತಿಗೆ ಗುರುತು ಹಾಕಿದಳು.

ಹವಳ ಈಗ ಚೆನ್ನಾಗಿ ಬೆಳೆದಿದೆ. ಬಂದವರಿಗೆಲ್ಲ ಅವನು ಆ ತೂತನ್ನು ತನ್ನದೇ ಸಂಶೋಧನೆಯೆಂಬಂತೆ ತೋರಿಸುತ್ತಾನೆ. ಅತ್ತಿಗೆ ಮೂಗು ಮುರಿದು ಒಳಗೆ ಹೋಗುತ್ತಾಳೆ. ಕೋಳಿ ಕೂಗುವುದನ್ನು ನಿಲ್ಲಿಸಲು ಅವಳಿಗೇನು ಬೇರೆ ಕೆಲಸವಿಲ್ಲವೇ?