ಇಲ್ಲದ ಬಸ್ಸಿಗೆ ಕೂಗಿದವನು

ಬಸ್ ನಿಲ್ದಾಣದಲ್ಲಿ ನಿಂತು ಸ್ಟಾಪುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ. ಮೂವತ್ತೆಂಟು ವರ್ಷದಿಂದ ಇದೇ. ಎಲ್ಲರೂ ನನ್ನನ್ನು ಮೈಕು ಅಂತಲೇ ಕರೆಯುತ್ತಾರೆ. ನನ್ನ ಸ್ವಂತ ಹೆಸರು ಹೆಂಡತಿಗೂ ಮರೆತುಹೋಗಿದೆ. ಒಮ್ಮೆ ನಾನು ಕೂಗಿದ ರಭಸಕ್ಕೆ ಮೂರು ಬೀದಿಯಾಚೆ ಮೀಸೆ ತೆಗೆಸುತ್ತಿದ್ದವನೊಬ್ಬ ಅರ್ಧ ಮೀಸೆಯಲ್ಲೇ ಎದ್ದು ಓಡಿಬಂದು ಬಸ್ಸು ಹತ್ತಿದ. ಉಳಿದರ್ಧ ಮೀಸೆ ಮುಂದಿನ ಬಸ್ಸಿಗೆ ಬಂತು. ನಂಬದವರು ಆ ಕ್ಷೌರದಂಗಡಿಯವನನ್ನೇ ಕೇಳಬಹುದು. ಆದರೆ ಅವತ್ತಿನಿಂದ ಅವನಿಗೆ ಕಿವಿ ಕೇಳುವುದಿಲ್ಲ.

ಇಂಥ ನಾನು ದಿನ ತುಂಬದೆ ಹುಟ್ಟಿದ ಮಕ್ಕಳನ್ನಿಡುವ ಆಸ್ಪತ್ರೆಯ ಕೋಣೆಗೆ ಮೊದಲ ಸಲ ಕಾಲಿಟ್ಟಾಗ "ನಮಸ್ಕಾರ ಸಿಸ್ಟರ್" ಅಂದೆ, ಅಷ್ಟೆ. ಗೋಡೆಯ ಮೇಲೆ ಸದ್ದು ಅಳೆಯುವ, ಕಿವಿಯ ಆಕಾರದ ಒಂದು ದೀಪ ಹಸಿರಾಗಿ ಉರಿಯುತ್ತಿತ್ತು. ಅದು ಹಳದಿಯಲ್ಲಿ ಒಂದು ಕ್ಷಣವೂ ನಿಲ್ಲದೆ ನೇರ ಕೆಂಪಾಯಿತು.

ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದರು. "ಅಜ್ಜಾ, ಮೆಲ್ಲಗೆ. ಈ ಮಕ್ಕಳಿಗೆ ಗಲಾಟೆ ತಡ್ಕೊಳಕ್ಕಾಗಲ್ಲ."

"ನಾನು ಮೆಲ್ಲಗೇ ಅಂದಿದ್ದು ಸಿಸ್ಟರ್."

"ಅಯ್ಯೋ ದೇವರೇ, ಇದು ಮೆಲ್ಲಗೆಯಾ? ಹಾಗಾದ್ರೆ ಜೋರಾಗಿ ಮಾತಾಡೋಕೆ ಊರಾಚೆ ಹೋಗ್ತೀರೇನು?"

ಹಸಿರಿದ್ದರೆ ಮಾತಾಡಬಹುದು, ಹಳದಿಯಾದರೆ ನಿಲ್ಲಿಸಬೇಕು, ಕೆಂಪಾದರೆ ಬಾಗಿಲಾಚೆ. ಅದು ಆ ಕೋಣೆಯ ಕಾನೂನು. ನಾನು ಬಾಯಿ ಮುಚ್ಚಿಕೊಂಡು, ಮೊಣಕೈವರೆಗೆ ಕೈ ತೊಳೆದುಕೊಂಡು, ಗಾಜಿನ ಪೆಟ್ಟಿಗೆಯ ಹತ್ತಿರ ಹೋದೆ.

ಒಳಗೆ ನನ್ನ ಮೊಮ್ಮಗಳಿದ್ದಳು. ಬರಬೇಕಾದ ದಿನಕ್ಕಿಂತ ಹನ್ನೊಂದು ವಾರ ಮೊದಲೇ ಬಂದುಬಿಟ್ಟಿದ್ದಳು. ನನ್ನ ಜೀವಮಾನದಲ್ಲಿ ಬಸ್ಸು ತಡವಾಗಿ ಬಂದದ್ದನ್ನು ನೋಡಿದ್ದೇನೆ, ಇಷ್ಟು ಬೇಗ ಬಂದದ್ದನ್ನು ನೋಡಿರಲಿಲ್ಲ. ನನ್ನ ಒಂದು ಬೂಟಿನಷ್ಟು ತೂಕ ಕೂಡ ಇಲ್ಲ. ಸುಳ್ಳು ಹೇಳಿ ಅಭ್ಯಾಸವಾದವನು ನಾನು, ಇದೊಂದು ಮಾತ್ರ ನಿಜ. ಮೂಗಿನಲ್ಲಿ ಕೊಳವೆ, ಎದೆಗೆ ತಂತಿ, ಕಾಲಿಗೆ ಕೆಂಪು ದೀಪದ ಪಟ್ಟಿ. ದಿನಾ ನಡೆಯುವ ರಕ್ತ ಪರೀಕ್ಷೆಗೆ ಅಂತ ಬೆಳಿಗ್ಗೆ ಹತ್ತಕ್ಕೆ ಸಿಸ್ಟರ್ ಅವಳ ಹಿಮ್ಮಡಿಗೆ ಸೂಜಿ ಚುಚ್ಚಿ, ಹಿಂಡಿ ಹಿಂಡಿ ಗಾಜಿನ ನಳಿಕೆಗೆ ರಕ್ತ ತುಂಬಿಕೊಂಡರು. ಮಗು ಬಾಯಿ ತೆರೆದು, ಹುಬ್ಬು ಗಂಟಿಕ್ಕಿ, ಮೈಯೆಲ್ಲ ಕೆಂಪು ಮಾಡಿಕೊಂಡು ಅತ್ತಿತು. ದನಿಯೇ ಬರಲಿಲ್ಲ. ನನ್ನ ವಂಶದಲ್ಲಿ ಹುಟ್ಟಿದ ಕೂಸು ಅಳುತ್ತಿದೆ, ಒಂದು ಸದ್ದಿಲ್ಲ! ಕಿವಿ ದೀಪ ಹಸಿರಾಗಿಯೇ ಇತ್ತು.

"ನೋವಿಗೆ ಏನೂ ಔಷಧಿ ಇಲ್ವಾ ಸಿಸ್ಟರ್?"

"ಇಷ್ಟು ಚಿಕ್ಕ ಪ್ರಾಣಕ್ಕೆ ದಿನಾ ಕೊಡಕ್ಕಾಗಲ್ಲ ಅಜ್ಜ. ನಾಲಿಗೆ ಮೇಲೆ ಎರಡು ತೊಟ್ಟು ಸಕ್ಕರೆ ನೀರು ಹಾಕ್ತೀವಿ. ಆಮೇಲೆ ದನಿ. ಮೆಲ್ಲಗೆ ಯಾರಾದ್ರೂ ಗುನುಗ್ತಾ ಇದ್ರೆ ನೋವು ಸ್ವಲ್ಪ ತಗ್ಗುತ್ತೆ. ಅಮ್ಮನ ದನಿ ಆದ್ರೆ ಇನ್ನೂ ಒಳ್ಳೇದು."

ಅಮ್ಮ, ಅಂದರೆ ನನ್ನ ಮಗಳು, ಎರಡು ಮಹಡಿ ಮೇಲೆ ಮಲಗಿದ್ದಳು. ಹೊಲಿಗೆ ಹಾಕಿದ ಜಾಗ ಕೀವಾಗಿ ಜ್ವರ. ಮಗುವಿನ ಹತ್ತಿರ ಬಿಡುವಂತಿಲ್ಲ. ಅವಳ ದನಿಯನ್ನು ಫೋನಿನಲ್ಲಿ ರೆಕಾರ್ಡು ಮಾಡಿ ತರಲು ಹೋದರೆ, "ಕಂದಾ" ಅನ್ನುವಷ್ಟರಲ್ಲೇ ಅತ್ತುಬಿಡುತ್ತಾಳೆ. ಅಳುವ ದನಿ ಬೇಡ ಅಂದರು ಸಿಸ್ಟರ್. ಅಳಿಯನನ್ನು ಕೇಳಿದರೆ, ಅವನು ವೆಲ್ಡರ್, ದಿನವಿಡೀ ಬೆಂಕಿಯ ಕಿಡಿಗೆ ಮುಖ ಕೊಟ್ಟು ನಿಲ್ಲುವವನು, ಆ ಪೆಟ್ಟಿಗೆಯ ಮುಂದೆ ಬಂದ ಕೂಡಲೇ ಗೋಡೆಯ ಕಡೆ ತಿರುಗಿ ನಿಲ್ಲುತ್ತಾನೆ. "ಮಾವ, ನನ್ ಕೈಲಾಗಲ್ಲ. ನೀವೇ ನೋಡಿ" ಅನ್ನುತ್ತಾನೆ.

ಮಗಳು ಹಾಸಿಗೆಯಿಂದಲೇ ಹುಕುಂ ಮಾಡಿದಳು. "ಅಪ್ಪಾ, ನೀನೇ ಕೂಗು. ಊಟದ ಡಬ್ಬಿ ಕೊಡೋಕೆ ನಾನು ಸ್ಟ್ಯಾಂಡಿಗೆ ಬಂದಾಗೆಲ್ಲ ನಿನ್ನ ಕೂಗು ಕೇಳಿ ಅದು ಒಳಗಿಂದ ಒದೀತಿತ್ತು. ನಿನ್ನ ದನಿ ಅದಕ್ಕೆ ಗೊತ್ತು."

"ನಾನು ಬಾಯಿ ಬಿಟ್ರೆ ಗೋಡೆ ಕೆಂಪಾಗುತ್ತಲ್ಲೇ."

"ಹಾಗಾದ್ರೆ ಕಲಿ. ಅದಕ್ಕೆ ಇನ್ಯಾರಿದ್ದಾರೆ?"

ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಕಲಿಯಲು ಶುರು ಮಾಡಿದೆ. ನನಗೆ ಹಾಡು ಬರುವುದಿಲ್ಲ. ಬರುವುದು ಒಂದೇ, ಏಳನೇ ನಂಬರಿನ ದಾರಿ: ಕೆರೆ ಏರಿ, ಮಿಲ್ ಗೇಟು, ಹಳೇ ಸೇತುವೆ, ಕಟ್ಟಿಗೆ ಡಿಪೋ, ರೈಲ್ವೆ ಗೇಟು, ಶಾಲೆ ಮುಂದೆ, ಕೊನೇ ಸ್ಟಾಪು. ಅದನ್ನೇ ಎದೆಯೊಳಗೆ ಉರುಳಿಸಿ ಉರುಳಿಸಿ ಸಣ್ಣಗೆ ಮಾಡಿದೆ. ನನ್ನ ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ರೀ, ಮೆಲ್ಲಗೆ ಮಾತಾಡಿ ಅಂತ ಮದುವೆಯಾದ ದಿನದಿಂದ ಬಡ್ಕೊಂಡೆ. ನಾನು ಹೇಳಿದ್ರೆ ಬಗ್ಗಲಿಲ್ಲ, ಒಂದು ಹಿಡಿ ಕೂಸು ಬಗ್ಗಿಸ್ತು ನೋಡಿ."

"ನೀನು ಗಾಜಿನ ಪೆಟ್ಟಿಗೇಲಿ ಮಲಗಿದ್ರೆ ನಿನಗೂ ಬಗ್ತಿದ್ದೆ ಕಣೇ" ಅಂದೆ. ಅವಳು ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಹತ್ತಕ್ಕೆ ಸಿಸ್ಟರ್ ಪೆಟ್ಟಿಗೆಯ ಕಿಟಕಿ ತೆರೆದರು. ನಾನು ಬಗ್ಗಿ, ಆ ಕಿಟಕಿಗೆ ಬಾಯಿ ಹತ್ತಿರ ತಂದು ಶುರು ಮಾಡಿದೆ. ಕೆರೆ ಏರಿ... ಮಿಲ್ ಗೇಟು... ಸೂಜಿ ಒಳಗೆ ಹೋಯಿತು. ಮಗು ಹುಬ್ಬು ಗಂಟಿಕ್ಕಿತು, ಬಾಯಿ ತೆರೆಯಿತು, ಮತ್ತೆ ಏನೋ ನೆನಪಾದವಳ ಹಾಗೆ ಮುಚ್ಚಿತು. ಹಳೇ ಸೇತುವೆ... ಕಟ್ಟಿಗೆ ಡಿಪೋ... ನಾನು ಓರೆಗಣ್ಣಲ್ಲಿ ಗೋಡೆ ನೋಡಿದೆ. ಹಸಿರು!

ಸಿಸ್ಟರ್ ಪ್ರತಿ ಚುಚ್ಚಿಗೂ ಒಂದು ಹಾಳೆಯ ಮೇಲೆ ಮಾರ್ಕು ಬರೆಯುತ್ತಾರೆ. ಹುಬ್ಬು ಎಷ್ಟು ಗಂಟಾಯಿತು, ಎದೆ ಎಷ್ಟು ಹೊಡೆದುಕೊಂಡಿತು, ಉಸಿರು ಎಷ್ಟು ಇಳಿಯಿತು ಅಂತ ಲೆಕ್ಕ ಹಾಕಿ ಇಪ್ಪತ್ತೊಂದಕ್ಕೆ ಇಷ್ಟು ಅಂತ. ಹೆಚ್ಚಾದಷ್ಟೂ ನೋವು ಹೆಚ್ಚು. ಹಿಂದಿನ ದಿನ ಹದಿನೈದು ಇದ್ದದ್ದು ಅವತ್ತು ಒಂಬತ್ತು.

"ಕಡಿಮೆ ಮಾರ್ಕು ಬಂದಷ್ಟೂ ಒಳ್ಳೇದಾ?" ಅಂದೆ. "ಇಂಥ ಶಾಲೆ ನನ್ನ ಕಾಲದಲ್ಲಿ ಇದ್ದಿದ್ರೆ ನಾನು ಎರಡನೇ ಕ್ಲಾಸಿಗೆ ಬಿಡ್ತಾನೇ ಇರಲಿಲ್ಲ. ದೊಡ್ಡ ಡಾಕ್ಟ್ರಾಗಿಬಿಡ್ತಿದ್ದೆ."

ಸಿಸ್ಟರ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಅವರ ನಗುವಿಗೆ ದೀಪ ಹಳದಿಯಾಯಿತು. ಅದಕ್ಕೆ ನಾನು ಜವಾಬ್ದಾರನಲ್ಲ.

ಆಮೇಲೆ ಎಂಟು, ಏಳು, ಮತ್ತೆ ಏಳು. ನಾನು ಮೇಲಿನ ಮಹಡಿಗೆ ಹೋಗಿ ಮಗಳಿಗೆ ವರದಿ ಒಪ್ಪಿಸುತ್ತಿದ್ದೆ. ಸ್ವಲ್ಪ ಉಪ್ಪು ಖಾರ ಸೇರಿಸಿಯೇ. ದೊಡ್ಡ ಡಾಕ್ಟರು ನನ್ನ ಕಾಲಿಗೆ ಬಿದ್ದು ಕೂಗು ಕಲಿಸಿಕೊಡಿ ಅಂದರು, ಪಕ್ಕದ ಪೆಟ್ಟಿಗೆಯ ಅವಳಿ ಮಕ್ಕಳು ನನ್ನ ಕೂಗು ಕೇಳಿ ಎದ್ದು ಕುಳಿತು ಟಿಕೇಟು ಕೇಳಿದವು ಅಂದೆ. ಮಗಳು ಹೊಲಿಗೆ ಹಿಡಿದುಕೊಂಡು ನಕ್ಕಳು. "ಸಾಕಪ್ಪಾ, ನೋಯುತ್ತೆ. ನಿಜ ಎಷ್ಟು ಹೇಳು."

"ಏಳು."

"ನಿಜವಾಗ್ಲೂ?"

"ನಿನ್ನಾಣೆ ಏಳು."

ಅವಳು ದಿಂಬಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ಮಗುವನ್ನು ಮುಟ್ಟಲಾಗದ ತಾಯಿಗೆ ಆ ಏಳೇ ಅವತ್ತಿನ ಊಟ.

ಮಧ್ಯಾಹ್ನ ನಾಲ್ಕಕ್ಕೂ ಮಗುವನ್ನು ನೋಡಲು ಬಿಡುತ್ತಿದ್ದರು. ನಾನು ಹೋಗುತ್ತಿದ್ದೆ, ಪೆಟ್ಟಿಗೆಯ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದೆ, ಆದರೆ ಬಾಯಿ ಬಿಡುತ್ತಿರಲಿಲ್ಲ. ಇದಕ್ಕೆ ಕಾರಣ ಇದೆ. ನಮ್ಮ ಕಸುಬಿನಲ್ಲಿ ಒಂದೇ ನಿಯಮ: ಬಸ್ಸು ಬಂದು ನಿಂತಾಗ ಮಾತ್ರ ಕೂಗಬೇಕು. ಇಲ್ಲದ ಬಸ್ಸಿಗೆ ಕೂಗಿದರೆ ಜನ ಓಡಿಬಂದು ಮೋಸ ಹೋಗುತ್ತಾರೆ, ನಾಳೆ ಇರುವ ಬಸ್ಸಿಗೂ ಬರುವುದಿಲ್ಲ. ನಾನು ಮಾತಿನಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಿದ್ದೇನೆ, ಕೂಗಿನಲ್ಲಿ ಒಂದು ಸಲವೂ ಹೇಳಿಲ್ಲ. ಸೂಜಿ ಇಲ್ಲದ ಹೊತ್ತಿನಲ್ಲಿ ಕೂಗಿ ಔಷಧಿ ಯಾಕೆ ಖರ್ಚು ಮಾಡಬೇಕು ಅಂದುಕೊಂಡೆ. ದನಿಯನ್ನು ಹತ್ತು ಗಂಟೆಗೆ ಅಂತ ಎತ್ತಿಟ್ಟುಕೊಂಡಿದ್ದೆ.

ಹನ್ನೆರಡನೇ ದಿನ ಮಾರ್ಕು ಹನ್ನೊಂದಕ್ಕೆ ಏರಿತು.

"ನಿದ್ದೆ ಸರಿಯಾಗಿಲ್ವೇನೋ" ಅಂದರು ಸಿಸ್ಟರ್.

ಮರುದಿನ ಹದಿಮೂರು. ಅದರ ಮರುದಿನ ನಾನು ಒಂದು ಗಳಿಗೆ ಮೊದಲೇ ಶುರು ಮಾಡಿದೆ, ಚೆನ್ನಾಗಿ ಹಿಡಿಯಲಿ ಅಂತ. ಸಿಸ್ಟರ್ ಇನ್ನೂ ಆ ಕಡೆ ಕೈ ತೊಳೆಯುತ್ತಿದ್ದರು. ಸೂಜಿಯ ಪೊಟ್ಟಣ ಒಡೆದೇ ಇರಲಿಲ್ಲ. ನಾನು "ಕೆರೆ ಏರಿ" ಅಂದೆ.

ಮಗು ಎಡಗಾಲನ್ನು ಸರಕ್ಕನೆ ಹೊಟ್ಟೆಗೆ ಎಳೆದುಕೊಂಡಿತು.

ಹುಬ್ಬು ಗಂಟಾಯಿತು. ಪರದೆಯ ಮೇಲೆ ಎದೆ ಬಡಿತದ ಅಂಕಿ ಓಡತೊಡಗಿತು. ನಾನು ಸುಮ್ಮನಾದೆ. ಅಂಕಿ ಮೆಲ್ಲಗೆ ಇಳಿಯಿತು. ಸಿಸ್ಟರ್ ಕೈ ಒರೆಸಿಕೊಳ್ಳುತ್ತಾ ಬಂದು ಪರದೆಯನ್ನೂ ನನ್ನನ್ನೂ ನೋಡಿದರು.

"ಇನ್ನೊಂದ್ಸಲ ಅನ್ನಿ ಅಜ್ಜ."

ನನಗೆ ಅನ್ನಲು ಮನಸ್ಸಿರಲಿಲ್ಲ. ಆದರೂ ಅಂದೆ. ಮತ್ತೆ ಕಾಲು ಮೇಲಕ್ಕೆ.

"ನೀವು ಮಧ್ಯಾಹ್ನ ಬಂದಾಗ ಇದನ್ನ ಹೇಳ್ತೀರಲ್ವಾ?"

"ಇಲ್ಲ ಸಿಸ್ಟರ್. ಸೂಜಿ ಇದ್ದಾಗ ಮಾತ್ರ. ಸುಮ್ಸುಮ್ನೆ ಯಾಕೆ ಅಂತ..."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ನಂದೂ ತಪ್ಪು, ನಾನು ಕೇಳಬೇಕಿತ್ತು" ಅಂದರು. "ನಿಮ್ಮ ದನಿ ಬಂದ ಕೂಡ್ಲೇ ಚುಚ್ತಾರೆ ಅಂತ ಅದಕ್ಕೆ ಅಂದಾಜಾಗಿಬಿಟ್ಟಿದೆ ಅನ್ಸುತ್ತೆ ಅಜ್ಜ."

ಮೂವತ್ತೆಂಟು ವರ್ಷದಲ್ಲಿ ನನ್ನ ಕೂಗನ್ನು ಇಷ್ಟು ಗಟ್ಟಿಯಾಗಿ ನಂಬಿದ ಪ್ರಯಾಣಿಕ ಇನ್ನೊಬ್ಬರಿಲ್ಲ. ಕೂಗಿದ ಕೂಡಲೇ ಬಸ್ಸು ಬರುತ್ತದೆ ಅಂತ ತಿಳಿದುಕೊಂಡುಬಿಟ್ಟಿದೆ, ಆ ಒಂದು ಹಿಡಿ ಕೂಸು.

"ಈಗೇನ್ಮಾಡೋದು?"

"ಹತ್ತು ಗಂಟೆಗೆ ನೀವು ಬೇಡ. ನಾನೇ ತಲೆ ಮೇಲೆ ಕೈಯಿಟ್ಟು ಶ್ ಶ್ ಅಂತೀನಿ. ನೀವು ಮಧ್ಯಾಹ್ನ ಬಂದು ಮಾತಾಡಿ. ಚುಚ್ಚಲ್ಲ, ಏನೂ ಆಗಲ್ಲ ಅಂತ ಅದಕ್ಕೆ ಗೊತ್ತಾಗ್ಬೇಕು."

"ಎಷ್ಟು ದಿನ ಬೇಕು?"

"ಗೊತ್ತಿಲ್ಲ ಅಜ್ಜ. ಮರೀಬಹುದು. ನಾನು ಗ್ಯಾರಂಟಿ ಕೊಡಕ್ಕಾಗಲ್ಲ."

ಅವತ್ತು ಚುಚ್ಚಿದ ಮೇಲೆ ಹದಿನಾಲ್ಕು ಬಂತು. ಮೇಲಿನ ಮಹಡಿಗೆ ಹೋಗಲು ಅವತ್ತು ಎರಡು ಮಹಡಿ ಇಪ್ಪತ್ತಾದವು. ಮಗಳು ಕಾಯುತ್ತಿದ್ದಳು. "ಎಷ್ಟಪ್ಪಾ?"

ಬಾಯಿಗೆ ಏಳು ಬಂದಿತ್ತು. ನುಂಗಿದೆ. "ಹದಿನಾಲ್ಕು ಕಣಮ್ಮಾ. ನನ್ನ ದನಿ ಕೇಳಿದ್ರೇ ಅದು ಹೆದರ್ತಿದೆ. ಸೂಜಿ ತೋರಿಸೋದೇ ಬೇಡ, ನಾನು ಕೆರೆ ಏರಿ ಅಂದ್ರೆ ಸಾಕು, ಕಾಲು ಒಳಗೆ ಎಳ್ಕೊಳ್ಳುತ್ತೆ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕಿಸಕ್ಕನೆ ನಕ್ಕಳು. "ಹೋಗಪ್ಪಾ ನೀನು! ಒಂದು ಕೇಜಿ ಇಲ್ಲದ ಮಗು ನಿನ್ನ ಕೂಗು ಕೇಳಿ ಕಾಲು ಎಳ್ಕೊಳ್ಳುತ್ತಂತೆ. ಅರ್ಧ ಮೀಸೆಯವನೂ ಅಲ್ಲೇ ಇದ್ನಾ?" ನಕ್ಕು ನಕ್ಕು ಹೊಲಿಗೆ ಹಿಡಿದುಕೊಂಡಳು. "ನಿಜ ಹೇಳು. ಏಳಾ?"

ಜೀವಮಾನದ ಸುಳ್ಳುಗಳೆಲ್ಲ ನನ್ನ ಹಿಂದೆ ಸಾಲಾಗಿ ನಿಂತು ನೋಡುತ್ತಿದ್ದವು. ಒಂದಾದರೂ ಮುಂದೆ ಬಂದು ಇವನು ಹೇಳುತ್ತಿರುವುದು ನಿಜ ಅಂತ ಸಾಕ್ಷಿ ಹೇಳಲಿಲ್ಲ. ಅವಳ ಹಣೆ ಮುಟ್ಟಿ ನೋಡಿದೆ. ಅಷ್ಟು ದಿನಕ್ಕೆ ಮೊದಲ ಸಲ ತಣ್ಣಗಿತ್ತು.

ಆ ಏಳನ್ನು ಅವಳಿಗೇ ಬಿಟ್ಟೆ. ನೀರು ಕುಡಿಸಿ ಇಳಿದು ಬಂದೆ.

ಈಗ ಬೆಳಿಗ್ಗೆ ಹತ್ತಕ್ಕೆ ನಾನು ಬಾಗಿಲಿನಾಚೆ ನಿಲ್ಲುತ್ತೇನೆ. ಬಾಗಿಲಿನಲ್ಲಿ ಒಂದು ಗೇಣಗಲದ ಗಾಜಿದೆ. ಸಿಸ್ಟರ್ ಬೆನ್ನು ಕಾಣುತ್ತದೆ, ಪರದೆಯ ಅಂಕಿ ಕಾಣುತ್ತದೆ. ಅಂಕಿ ಏರುತ್ತದೆ. ಊರಿಗೇ ಕೇಳಿಸುವ ಗಂಟಲು ಇಟ್ಟುಕೊಂಡು ನಾನು ಬಾಯಿಗೆ ಕರ್ಚೀಪು ಒತ್ತಿ ಹಿಡಿದು ನಿಂತಿರುತ್ತೇನೆ. ಅಳಿಯ ಅರ್ಧ ದಿನ ರಜ ಹಾಕಿ ಬಂದಿದ್ದಾಗ ಪಕ್ಕದಲ್ಲೇ ನಿಂತಿದ್ದ. "ಮಾವ, ಮುಗೀತಾ?" ಅಂದ, ಗೋಡೆ ನೋಡುತ್ತಲೇ. "ಇನ್ನೂ ಇಲ್ಲ" ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಇನ್ನೂ ಇಲ್ಲ.

ನಾಲ್ಕು ಗಂಟೆಗೆ ಒಳಗೆ ಹೋಗುತ್ತೇನೆ. ಕೈ ತೊಳೆಯುತ್ತೇನೆ. ಸ್ಟೂಲು ಎಳೆದುಕೊಂಡು, ಪೆಟ್ಟಿಗೆಯ ಕಿಟಕಿಗೆ ಬಾಯಿ ತಂದು, ಕಸುಬಿಗೆ ಬಂದ ಮೇಲೆ ಎಂದೂ ಮಾಡದ ಕೆಲಸ ಮಾಡುತ್ತೇನೆ. ಇಲ್ಲದ ಬಸ್ಸಿಗೆ ಕೂಗುತ್ತೇನೆ.

ಕೆರೆ ಏರಿ.

ಕಾಲು ಒಳಗೆ ಹೋಗುತ್ತದೆ.

ಮಿಲ್ ಗೇಟು. ಹಳೇ ಸೇತುವೆ. ಏನೂ ಬರಲ್ಲ ಕಣಮ್ಮಾ, ಸುಮ್ನೆ ಕೂಗ್ತಿದೀನಿ, ಇವತ್ತು ಬಸ್ಸಿಲ್ಲ. ಕಟ್ಟಿಗೆ ಡಿಪೋ. ರೈಲ್ವೆ ಗೇಟು. ಗೋಡೆಯ ಕಿವಿ ಹಸಿರಾಗಿಯೇ ಇರುತ್ತದೆ. ಶಾಲೆ ಮುಂದೆ. ಹಿಮ್ಮಡಿಯಲ್ಲಿ ಚುಚ್ಚಿದ ಚುಕ್ಕೆಗಳು ಕಾಣುತ್ತವೆ, ಎಣಿಸಲು ಹೋಗುವುದಿಲ್ಲ. ಕೊನೇ ಸ್ಟಾಪು.

ಕಾಲು ಇನ್ನೂ ಕೆಳಗೆ ಬಂದಿರುವುದಿಲ್ಲ. ನಾನು ಮತ್ತೆ ಕೆರೆ ಏರಿಯಿಂದ ಶುರು ಮಾಡುತ್ತೇನೆ.