ನೆಲ ನೋಡುವ ಮಿಸ್ತ್ರಿ

ಸೋರುವ ಮಾಳಿಗೆಯ ಮಾತು ಬಂದರೆ ಲೋಕವೆಲ್ಲ ಕತ್ತೆತ್ತಿ ಮೇಲೆ ನೋಡುತ್ತದೆ. ಜಹೀರುದ್ದೀನ್ ಮಿಸ್ತ್ರಿ ಮಾತ್ರ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಹುಮನಾಬಾದಿಗೆ ಬಂದಿಳಿದು, ಎರಡೇ ಗುಂಡಿ ಉಳಿದಿದ್ದ ಖಾಕಿ ಕೋಟಿನ ಜೇಬುಗಳನ್ನು ಸಾಮಾನಿನ ಭಾರಕ್ಕೆ ಜೋತುಬೀಳಿಸಿಕೊಂಡು, ಹಿಮ್ಮಡಿಯನ್ನು ಮೊದಲು ಊರಿ, ಅರೆಗಳಿಗೆ ತಡೆದು, ಆಮೇಲೆ ಪಾದವನ್ನು ಪೂರ್ತಿ ಇಳಿಸುತ್ತ ಅವರು ಬರುವುದನ್ನು ಕಂಡರೆ, ಈ ಮನುಷ್ಯ ಭೂಮಿಯನ್ನೂ ಯಾರೋ ಕಟ್ಟಿದ ಹಳೆಯ ಮಾಳಿಗೆಯೆಂದೇ ತಿಳಿದಿದ್ದಾರೋ ಏನೋ ಎನ್ನಿಸುತ್ತಿತ್ತು. ನಾವು ನಗುತ್ತಲೂ ಇದ್ದೆವು.

ನಾನು ಶಾಲಾ ಮಾಸ್ತರನಾಗಿ ಸೇರಿದ ವರ್ಷ, ಅಂದರೆ ಅರವತ್ತೆಂಟರ ಬೇಸಿಗೆಯಲ್ಲಿ, ನಮ್ಮ ಮನೆಯ ಮಣ್ಣಿನ ಮಾಳಿಗೆಗೆ ಅವರನ್ನು ಕರೆಸಿದ್ದೆವು. ನನ್ನ ತಂದೆ ಬಸವಣಪ್ಪನವರು ಪಡಸಾಲೆಯಲ್ಲಿ ಕೂತು, "ದೊಡ್ಡದೇನಿಲ್ಲ ಮಿಸ್ತ್ರಿ, ಎರಡು ಕಡಿ ಸೋರತದ ಅಷ್ಟೇ" ಎಂದು ಅಪ್ಪಣೆ ಕೊಡಿಸಿದರು. ಮಿಸ್ತ್ರಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಅಡಿಗೆಮನೆಯ ಹೊಸ್ತಿಲಿನಿಂದ ಎರಡು ಮಾರು ದೂರ ನಿಂತು ನನ್ನ ಅವ್ವನಿಗೆ ಕೈ ಮುಗಿದರು.

"ಅಮ್ಮಾ, ಹೋದ ಮಳಿಗಾಲದಾಗ ಎಲ್ಲೆಲ್ಲಿ ಭಾಂಡಿ ಇಟ್ಟಿದ್ರಿ, ಈಗ ಅಲ್ಲಲ್ಲೇ ಇಡ್ರಿ. ನಾ ಒಳಗ ಬರಂಗಿಲ್ಲ. ಇಲ್ಲೇ ನಿಂತು ನೋಡ್ತೀನಿ."

ಹೊರಗೆ ಮೋಡದ ಚೂರೂ ಇಲ್ಲದ ಸುಡುಬಿಸಿಲು. ಅವ್ವ ಸೆರಗಿನಲ್ಲಿ ನಗು ಅಡಗಿಸಿಕೊಂಡು ಬೋಗುಣಿ, ತಂಬಿಗೆ, ಕೊಡ ಎಂದು ಒಂದೊಂದೇ ಇಡುತ್ತ ಹೋದಳು. ಲೆಕ್ಕ ಹನ್ನೊಂದಕ್ಕೆ ಮುಟ್ಟಿತು.

"ಅಯ್ಯೋ ಶಿವನೆ, ಇಷ್ಟು ವರ್ಷ ನಾ ಯಾರ ಮನ್ಯಾಗ ಇದ್ದೆ?" ಎಂದರು ಅಪ್ಪ.

"ಮಳಿ ಬಂದಾಗ ನೀವು ಕಟ್ಟಿಮ್ಯಾಲ ಕೂಡ್ತೀರಿ ಸಾಹೇಬ್ರ. ಭಾಂಡಿ ಇಡೋರಿಗಿ ಗೊತ್ತಿರತದ," ಎಂದು ಮಿಸ್ತ್ರಿ ನಗದೆಯೇ ಹೇಳಿದರು. ಆಮೇಲೆ ಅವ್ವನ ಕಡೆ ತಿರುಗಿ, "ಮತ್ತೇನರ ಅದ ಏನ್ರಿ?" ಎಂದರು. ಇಲ್ಲವೆಂದಳು. ಮತ್ತೊಮ್ಮೆ ಕೇಳಿದರು. ಮೂರನೆಯ ಸಲ ಕೇಳಿದಾಗ ಅವ್ವನಿಗೆ ದೇವರ ಜಗಲಿಯ ಹತ್ತಿರ ಮಣ್ಣು ಉದುರುವುದು ನೆನಪಾಯಿತು. ಅದನ್ನು ಕೇಳಿಸಿಕೊಂಡ ಮೇಲೆಯೇ ಅವರು ನಿಚ್ಚಣಿಕೆಗೆ ಕಾಲಿಟ್ಟದ್ದು.

ಮೂರು ಸಲ ಕೇಳದೆ ಅವರು ಯಾರ ಮಾಳಿಗೆಯನ್ನೂ ಹತ್ತುತ್ತಿರಲಿಲ್ಲ. ಇನ್ನೊಂದು ಹಟವೂ ಅವರಿಗಿತ್ತು: ಬಸ್ ನಿಲ್ದಾಣದಿಂದ ನಮ್ಮ ಮನೆಗೆ ನೆಟ್ಟಗಿನ ಓಣಿಯೊಂದಿದ್ದರೂ ಅದನ್ನು ತುಳಿಯದೆ, ಸಂತೆಯ ಬಯಲಿನ ಹಿಂದಿನಿಂದ ಸುತ್ತು ಹಾಕಿಕೊಂಡು ಬರುತ್ತಿದ್ದರು. ಕಾರಣ ನನಗೆ ತಿಳಿದದ್ದು ಆ ಓಣಿಯಲ್ಲೇ ಇದ್ದ ನನ್ನ ಸಹೋದ್ಯೋಗಿ ವೈಜನಾಥನಿಂದ.

ವೈಜನಾಥನ ಅಜ್ಜ ಮಹಾರುದ್ರಪ್ಪನವರು ದೊಡ್ಡ ಜಮೀನಿನ, ಅದಕ್ಕಿಂತ ದೊಡ್ಡ ಗಂಟಲಿನ ಮನುಷ್ಯ. ಅರವತ್ತೊಂದರಲ್ಲಿ ಅವರ ಮನೆಯ ಮಾಳಿಗೆಗೆ ಹೊಸ ಮಣ್ಣು ಹಾಕಲು ಬಂದ ಮಿಸ್ತ್ರಿ ಅಡಿಗೆಮನೆಯ ತೊಲೆ ಹೇಗಿದೆಯೆಂದು ಅವರನ್ನೇ ಕೇಳಿದರು. ಆ ಕಾಲದ ನಮ್ಮ ಮನೆಗಳಲ್ಲಿ ಅಡಿಗೆಮನೆಗೆ ಬೇರೆಯವರನ್ನು, ಅದರಲ್ಲೂ ಮುಸಲ್ಮಾನರನ್ನು, ಬಿಡುತ್ತಿರಲಿಲ್ಲ. ಬರೆಯುವಾಗ ಈಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. "ತೊಲಿ ಕಬ್ಬಿಣ ಇದ್ದಂಗ ಅದ, ನೀ ಮಣ್ಣು ಹಾಕು" ಎಂದು ಯಜಮಾನರು ಗದರಿದರು. ಮಿಸ್ತ್ರಿ ಹಾಕಿದರು. ಶ್ರಾವಣದಲ್ಲಿ ಮೂರು ದಿನ ಹಿಡಿದ ಮಳೆಗೆ ಆ ಮಣ್ಣೆಲ್ಲ ನೀರು ಕುಡಿದು ಭಾರವಾಗಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ, ಅಂದರೆ ವೈಜನಾಥನ ತಾಯಿ, ಮಾಣಿಕಮ್ಮನ ಮೇಲೆ ತೊಲೆ ಮುರಿದುಬಿತ್ತು. ಜೀವ ಉಳಿಯಿತು, ಎಡಗೈ ಮೊಣಕೈಯಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತು.

ನೋಡಲು ಬಂದ ಮಿಸ್ತ್ರಿಗೆ ಆಕೆ ಬಾಗಿಲ ಮರೆಯಿಂದ ಹೇಳಿದ್ದು ಇಷ್ಟು: "ಮೂರು ತಿಂಗಳಿಂದ ಹಿಟ್ಟಿನ ಪರಾತದಾಗ ಮರದ ಪುಡಿ ಬೀಳಾಕತ್ತಿತ್ತು. ಯಾರರ ಕೇಳಿದ್ರ ಹೇಳ್ತಿದ್ದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲವಂತೆ. ಸಿಟ್ಟಿದ್ದರೆ ಮಿಸ್ತ್ರಿ ಹೇಗೋ ತಡೆದುಕೊಳ್ಳುತ್ತಿದ್ದರು. ಆ ಅಡಿಗೆಮನೆಗೆ ಬೇರೆ ಯಾರೋ ತಗಡಿನ ಪತ್ರಾ ಹೊದಿಸಿ ಹೋದರು. ಮಿಸ್ತ್ರಿ ಆ ಓಣಿಯನ್ನೇ ಬಿಟ್ಟರು. ನಮ್ಮ ಮಾಳಿಗೆಯ ಮೇಲೆ ಒಂದು ಮಧ್ಯಾಹ್ನ ಬೇವಿನ ಸೊಪ್ಪು ಹಾಸಿ ಅದರ ಮೇಲೆ ಸವುಳು ಮಣ್ಣು ತುಳಿಯುತ್ತ, "ಮಾಸ್ತರ್, ಮೊಣಕಾಲು ಸೋಲೂತನಕ ದುಡೀತೀನಿ. ಆ ಮನಿ ಮಾಳಗಿ ಒಂದು ನನ್ನ ಕೈಲೆ ಆದ್ರ ಸಾಕು. ಆದ್ರ ನಾನಾಗಿ ಹ್ಯಾಂಗ ಕೇಳ್ಲಿ?" ಎಂದಿದ್ದರು.

ಎಪ್ಪತ್ತೇಳರ ಚೈತ್ರದಲ್ಲಿ ಮಾಣಿಕಮ್ಮನೇ ಮಾತು ತೆಗೆದಳು. ಅಷ್ಟರಲ್ಲಿ ಮಾವ ತೀರಿಕೊಂಡು ಮನೆಯ ಯಜಮಾನಿಕೆ ಆಕೆಯದಾಗಿತ್ತು. ಪತ್ರಾದ ಕೆಳಗೆ ಹದಿನೈದು ಬೇಸಿಗೆ ಬೆಂದದ್ದು ಸಾಕು, ಮತ್ತೆ ಮಣ್ಣಿನ ಮಾಳಿಗೆಯೇ ಆಗಲಿ, ಜಹೀರುದ್ದೀನ್ ಮಿಸ್ತ್ರಿಯನ್ನು ಕರೆಸು ಎಂದಳು. ವೈಜನಾಥ ಹೌಹಾರಿದ.

"ಅವ್ವಾ, ನಿನಗ ತಲಿ ಕೆಟ್ಟದೇನು? ಊರಾಗ ಬ್ಯಾರೆ ಮಿಸ್ತ್ರಿ ಇಲ್ಲೇನು?"

"ಬೇಕಾದಷ್ಟು ಮಂದಿ ಇದ್ದಾರ. ನನ್ನ ಕೈ ಮುರದು ಕಲ್ತವರು ಒಬ್ಬರೇ ಇದ್ದಾರ. ಅವರನ್ನೇ ಕರಿ."

ಹೇಳಿಕೆ ಒಯ್ದವನು ನಾನೇ. ಮರುದಿನ ಬಸ್ಸಿಳಿದ ಮಿಸ್ತ್ರಿ ನೆಟ್ಟಗಿನ ಓಣಿಯ ಬಾಯಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಹಿಮ್ಮಡಿ ಊರಿದರು.

ಮಿಸ್ತ್ರಿಯ ರೀತಿಯನ್ನು ಊರಿನವರಿಂದ ಕೇಳಿ ತಿಳಿದಿದ್ದ ಮಾಣಿಕಮ್ಮ ಭಾಂಡಿಗಳನ್ನು ಮೊದಲೇ ಇಟ್ಟಿದ್ದಳು. ಮಿಸ್ತ್ರಿ ಎಂದಿನಂತೆ ದೂರ ನಿಂತು ನೆಲ ನೋಡಿದರು. ಗೋಡೆಯ ಗುಂಟ ಐದು ಪಾತ್ರೆಗಳು ಪತ್ರಾದ ಐದು ತೂತುಗಳಿಗೆ ಸರಿಯಾಗಿದ್ದವು. ಆದರೆ ಒಲೆಯ ಮುಂದೆ, ತೂತೇ ಇಲ್ಲದ ಕಡೆ, ಹಿಟ್ಟು ನಾದುವ ಪರಾತವೊಂದು ಖಾಲಿ ಕೂತಿತ್ತು.

"ಅಲ್ಲಿ ಸೋರಂಗಿಲ್ಲಲ್ರಿ, ಅಮ್ಮಾ?"

"ಈಗ ಸೋರಂಗಿಲ್ಲ. ಅದು ಆಗಿಂದು. ಆವಾಗ ಕೇಳಿದ್ರ ಇಲ್ಲೇ ಇಡ್ತಿದ್ದೆ."

ಮಿಸ್ತ್ರಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಒರೆಸಿದಷ್ಟೂ ಬಂತು. ನನಗೂ ವೈಜನಾಥನಿಗೂ ಎಲ್ಲಿ ನೋಡಬೇಕೋ ತಿಳಿಯದೆ ನಾವೂ ನೆಲ ನೋಡಿದೆವು. ಕೊನೆಗೆ ಅವರು, "ಮತ್ತೇನರ ಅದ ಏನ್ರಿ?" ಎಂದರು.

"ಅದ. ಅಲ್ಲಿ ನಿಂತ್ರ ಎಲ್ಲಾ ಕಾಣಂಗಿಲ್ಲ. ಒಳಗ ಬಂದು ನೋಡ್ರಿ."

ಅವರು ಚಪ್ಪಲಿ ಬಿಟ್ಟರು, ಕಾಲು ತೊಳೆದುಕೊಂಡರು, ಹೊಸ್ತಿಲಲ್ಲಿ ಒಂದು ಕ್ಷಣ ಅನುಮಾನಿಸಿ ಒಳಗೆ ಹೋದರು. ಗೋಡೆಗಳನ್ನು ಅಂಗೈಯಿಂದ ತಟ್ಟಿ ನೋಡಿದರು, ಪರಾತದ ಪಕ್ಕದಲ್ಲಿ ನಿಂತು ನಮ್ಮ ಕಣ್ಣೆದುರಿಗೆ ಮೊದಲ ಸಲ ಕತ್ತೆತ್ತಿ ಮೇಲೆ ನೋಡಿದರು. "ಮತ್ತೇನರ ಅದ ಏನ್ರಿ?" ಎಂದು ಎರಡನೆಯ ಸಲ ಕೇಳಿದರು, ಮೂರನೆಯ ಸಲವೂ ಕೇಳಿದರು.

"ಇನ್ನೇನಿಲ್ಲ," ಎಂದಳು ಮಾಣಿಕಮ್ಮ. "ಹತ್ರಿ."

ತೇಗದ ತೊಲೆಯ ಆ ಮಾಳಿಗೆ ಇಪ್ಪತ್ತು ದಿನಗಳಲ್ಲಿ ಮುಗಿಯಿತು. ಆ ವರ್ಷದ ಮೊದಲ ದೊಡ್ಡ ಮಳೆಯಲ್ಲಿ ಮಾಣಿಕಮ್ಮ ಅದರ ಕೆಳಗೆ ಕೂತು, ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಒಂದೇ ಕೈಯಲ್ಲಿ ರೊಟ್ಟಿ ಬಡಿದಳು. ಮಿಸ್ತ್ರಿ ಆಮೇಲೆ ಎರಡು ವರ್ಷವಷ್ಟೇ ನಿಚ್ಚಣಿಕೆ ಹತ್ತಿದರು.

ತಮ್ಮ ತಪ್ಪನ್ನು ಮರೆತು ಸುಖವಾಗಿರುವವರು ಬಹಳ, ನೆನೆದು ಕೊರಗುವವರೂ ಇದ್ದಾರೆ. ಆದರೆ ತಪ್ಪನ್ನೇ ತಮ್ಮ ಕೆಲಸದ ರೀತಿಯನ್ನಾಗಿ ಮಾಡಿಕೊಂಡು, ಅದನ್ನು ಮನೆಯಿಂದ ಮನೆಗೆ ಹೊತ್ತು ತಿರುಗುವವರು ವಿರಳ. ಅಂಥವರು ನಮ್ಮ ಬಾಗಿಲಲ್ಲಿ ನಿಂತು ಕೇಳಿದ್ದನ್ನೇ ಮೂರು ಸಲ ಕೇಳಿದರೆ ನಾವು ಮುಸಿಮುಸಿ ನಗುತ್ತೇವೆ. ನಮ್ಮ ತಲೆಯ ಮೇಲಿನ ಮಾಳಿಗೆ ಯಾರ ಕೈಯ ಬೆಲೆಗೆ ಗಟ್ಟಿಯಾಗಿ ನಿಂತಿದೆಯೆಂದು ನಮಗೆ ಗೊತ್ತಿರುವುದಿಲ್ಲ.